ಥಂಡಿಯ ತಾಲೀಮು

ಗುಲ್ಮಾರ್ಗವೋ ಕುಫ್ರಿಯೋ ಎಂಬುದು ಸೋಮವಾರ ಬೆಳಿಗ್ಗೆ ಹತ್ತರೊಳಗೆ ತೀರ್ಮಾನವಾಗಬೇಕಿತ್ತು, ಮತ್ತು ಸಿದ್ದಲಿಂಗಪ್ಪನಿಗೆ ಎರಡೂ ಬೇಡವಾಗಿದ್ದವು. ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೇಳಬೇಕಾದ ದಿನ, ಅಂದರೆ ಇಪ್ಪತ್ತು ದಿನಗಳ ಹಿಂದೆ ಕಂಪನಿಯ ರಜಾ ಪ್ರವಾಸದ ಫಾರ್ಮು ಕೈಗೆ ಬಂದ ಸಂಜೆ, ಡೊಂಬಿವಲಿಯ ಎರಡು ಖೋಲಿಯ ಮನೆಯಲ್ಲಿ ಬನಿಯನ್ನಿನಲ್ಲಿ ಕೂತು ಚಹಾ ಬಸಿಗೆ ಸುರಿದುಕೊಳ್ಳುತ್ತ, ಈ ಸಲ ದೇಶದಲ್ಲಿ ಎಲ್ಲಿಗೆ ಬೇಕಾದರೂ ಕಳಿಸುತ್ತಾರಂತೆ, ಎಲ್ಲಿಗೆ ಹೋಗೋಣ ನೀನೇ ಹೇಳು ಎಂದು ಹೆಂಡತಿಯನ್ನು ಬಲು ಧಾರಾಳವಾಗಿ ಕೇಳಿಬಿಟ್ಟಿದ್ದ. ಶ್ರೀಶೈಲ ಅನ್ನುತ್ತಾಳೆ ಎಂಬ ಭರವಸೆಯ ಧಾರಾಳತನ ಅದು. ಸ್ವರ್ಣಲತಾ ಒಂದು ಗಳಿಗೆಯೂ ಯೋಚಿಸದೆ ಗೋಡೆಯ ಕ್ಯಾಲೆಂಡರಿನತ್ತ ಕೈ ತೋರಿಸಿದಳು. ಕಿರಾಣಿ ಅಂಗಡಿಯವರು ಕಳೆದ ವರ್ಷ ಕೊಟ್ಟ ಕ್ಯಾಲೆಂಡರು. ವರ್ಷ ಮುಗಿದು ಎಂಬತ್ತೆರಡರ ಅಕ್ಟೋಬರ್ ಬಂದಿದ್ದರೂ ಅದರಲ್ಲಿ ಇನ್ನೂ ಫೆಬ್ರವರಿಯೇ ಇತ್ತು. ಬಿಳಿ ಗುಡ್ಡ, ನೀಲಿ ಆಕಾಶ, ಕಾಲಿಗೆ ಎರಡು ಉದ್ದ ಪಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುತ್ತಿರುವ ಒಬ್ಬ ಗಂಡಸು, ಅವನ ಎರಡು ಮೊಣಕಾಲುಗಳ ನಡುವೆ ಅಷ್ಟೇ ಸಣ್ಣ ಪಟ್ಟಿ ಕಟ್ಟಿಕೊಂಡ ಒಂದು ಕೂಸು, ಇಬ್ಬರ ಹಲ್ಲೂ ಕಾಣುವಷ್ಟು ನಗು. ನೋಡ್ರಿ, ನಮ್ಮ ವಸಂತಿಯಷ್ಟ ಅದಾಳ, ಎಂದಿದ್ದಳು ಸ್ವರ್ಣಲತಾ. ಮೂರೂವರೆ ವರ್ಷದ ವಸಂತಿ ತನ್ನ ಹೆಸರು ಕೇಳಿ ಓಡಿಬಂದು, ಚಿತ್ರದಲ್ಲಿ ಇರುವುದು ತಾನೂ ಪಪ್ಪಾನೂ ಎಂದು ಅಂದಿನಿಂದಲೇ ನಂಬಿಬಿಟ್ಟಳು.

ಈಗ ಐತವಾರ ಬೆಳಿಗ್ಗೆ ಏಳಕ್ಕೆ ಗಡ್ಡ ಕೆರೆದುಕೊಳ್ಳುತ್ತ ಸಿದ್ದಲಿಂಗಪ್ಪ ಕನ್ನಡಿಯ ಮೂಲೆಯಲ್ಲಿ ಕಾಣುತ್ತಿದ್ದ ಆ ಗಂಡಸಿನ ಮೊಣಕಾಲುಗಳನ್ನೇ ನೋಡುತ್ತಿದ್ದ. ಎಂಥ ಗಟ್ಟಿ ಮೊಣಕಾಲು. ತನ್ನವು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತು ಹತ್ತುವಾಗಲೇ ಟಕ್ ಅನ್ನುತ್ತವೆ. ಇಪ್ಪತ್ತು ದಿನ ಆತ ಹೂಡಿದ ತಕರಾರುಗಳೆಲ್ಲ ಒಂದೊಂದಾಗಿ ಬಿದ್ದುಹೋಗಿದ್ದವು. ವಸಂತಿಯ ಕಿವಿ ಸೋರುತ್ತದೆ ಅಂದ; ಸ್ವರ್ಣಲತಾ ಡಾಕ್ಟರಿಗೆ ತೋರಿಸಿಕೊಂಡು ಬಂದು, ಕಿವಿ ನಿಮಗಿಂತ ಚಲೋ ಅದಾವಂತ ಅಂದಳು. ಹದಿನಾಲ್ಕು ತಿಂಗಳ ಬಾಳ್ಯಾ ದಿನಕ್ಕೆ ಹನ್ನೆರಡು ಲಂಗೋಟಿ ಒದ್ದೆ ಮಾಡುತ್ತಾನೆ, ಹಿಮದಲ್ಲಿ ಅವು ಒಣಗುವುದು ಹೇಗೆ ಅಂದ. ಒಣಗದಿದ್ದರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತವಂತೆ, ಕೊಡವಿದರೆ ಆಯಿತಂತೆ, ಇದನ್ನು ಕೆಳಗಿನ ಮನೆಯ ಮರಾಠಿ ಬಾಯಿ ಯಾವುದೋ ಮಾಸಿಕದಲ್ಲಿ ಓದಿದ್ದಳಂತೆ. ಕೊನೆಗೆ ತನ್ನ ಬತ್ತಳಿಕೆಯ ದೊಡ್ಡ ಬಾಣ ತೆಗೆದ. ಥಂಡಿ ಅಂದರೆ ಏನು ಅಂತ ನಿನಗೇನು ಗೊತ್ತು, ಏಳು ವರ್ಷದಿಂದ ತುರ್ಭೆಯ ಕೋಲ್ಡ್ ಸ್ಟೋರೇಜಿನಲ್ಲಿ ಸುಪರ್ವೈಜರ್ ಇದ್ದೇನೆ, ನಾಲ್ಕನೇ ನಂಬರ್ ಛೇಂಬರಿನಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಅಲ್ಲಿ ಹೋದರೆ ಮೂಗಿನ ಕೂದಲು ಸೆಟೆಯುತ್ತದೆ, ಮಕ್ಕಳನ್ನು ಅಂಥಲ್ಲಿಗೆ ಒಯ್ಯುವ ಮಾತು ತಾಯಿಯಾದವಳು ಆಡಬಾರದು ಎಂದ. ತಾಯಿಯಾದವಳು ಎಂಬ ಶಬ್ದ ಸ್ವಲ್ಪ ಹೆಚ್ಚಾಯಿತು ಎಂದು ಆಗಲೇ ಅನ್ನಿಸಿತ್ತು. ಸ್ವರ್ಣಲತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ನೀವು ದಿನಾ ನೋಡ್ತೀರಿ, ನಾ ಒಂದ ಸಲ ನೋಡ್ತೀನಿ ಅಂದ್ರ ಬ್ಯಾಡ ಅಂತೀರಿ, ಎಂದಳು. ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಹಿಟ್ಟು ಮೆತ್ತಿದ ಕೈಯನ್ನು ನೋಡಿಕೊಳ್ಳುತ್ತ ಅಂದಳು.

ನಿಜ ಹೇಳಬೇಕೆಂದರೆ ಸಿದ್ದಲಿಂಗಪ್ಪನಿಗೆ ಥಂಡಿಯ ಹೆದರಿಕೆ ಇರಲಿಲ್ಲ, ಬೀಳುವ ಹೆದರಿಕೆ ಇತ್ತು. ಅದೂ ಸ್ವರ್ಣಲತಾಳ ಮುಂದೆ. ಮದುವೆಯಾಗಿ ಹದಿನೈದು ದಿನಕ್ಕೆ ಗಜೇಂದ್ರಗಡದಿಂದ ಅವಳನ್ನು ಕರೆದುಕೊಂಡು ಬಂದಿಳಿದ ಮುಂಜಾನೆ, ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಅತ್ತೆ ಕೊಟ್ಟ ಕಡಕ್ ರೊಟ್ಟಿಯ ಡಬ್ಬಿ ಹಿಡಿದು, ಇದ ನೋಡು ನಮ್ಮ ಡೊಂಬಿವಲಿ ಎನ್ನುತ್ತ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದವನು ಹೊಸ ಬೂಟು ಜಾರಿ ಏಳು ಮೆಟ್ಟಿಲು ಕುಂಡೆಯ ಮೇಲೆ ಇಳಿದಿದ್ದ. ಏಳೂ ಆತನಿಗೆ ಇವತ್ತಿಗೂ ಬೇರೆ ಬೇರೆಯಾಗಿ ನೆನಪಿವೆ. ರೊಟ್ಟಿಗಳು ಇನ್ನೂ ಕೆಳಗಿನವರೆಗೆ ಉರುಳಿದವು. ಎಂಟು ಐದರ ಲೋಕಲ್ಲಿನ ಇಡೀ ಜನ ನಕ್ಕಿತು. ಸ್ವರ್ಣಲತಾ ಮಾತ್ರ ನಗಲಿಲ್ಲ. ಅವಳು ಪಕ್ಕಕ್ಕೆ ತಿರುಗಿ, ಗಾಡಿಗಳ ವೇಳಾಪಟ್ಟಿಯ ಹಲಗೆಯನ್ನು ಕಲ್ಯಾಣದಿಂದ ಕಸಾರದವರೆಗೆ ಓದತೊಡಗಿದಳು. ಆತ ಎದ್ದು ಅಂಗಿ ಜಾಡಿಸಿಕೊಂಡು ಬಂದ ಮೇಲೂ ಓದುತ್ತಲೇ ಇದ್ದಳು, ಮರಾಠಿ ಅಕ್ಷರ ಬಾರದ ಹುಡುಗಿ. ನಕ್ಕವರನ್ನು ಆತ ಅಂದೇ ಮರೆತ. ಆ ಓದನ್ನು ಮಾತ್ರ ಆರು ವರ್ಷ ಮರೆಯಲಾಗಿಲ್ಲ. ಗಂಡ ಇಷ್ಟೇ ಎಂದು ಅವತ್ತೇ ಅವಳಿಗೆ ಗೊತ್ತಾಗಿಹೋಗಿದೆ, ಸಭ್ಯಸ್ಥರ ಮನೆಯ ಮಗಳಾದ್ದರಿಂದ ಹೇಳುವುದಿಲ್ಲ ಎಂಬುದು ಆತನ ಲೆಕ್ಕ. ಅಂಥ ಗಂಡ ಈಗ ಮಗಳನ್ನು ಮೊಣಕಾಲ ಸಂದಿಯಲ್ಲಿ ಇಟ್ಟುಕೊಂಡು ಗುಡ್ಡ ಜಾರಬೇಕು.

ಆಫೀಸಿನ ಮಧ್ವರಾಜನಿಂದಲೂ ಉಪಕಾರವಾಗಲಿಲ್ಲ. ಉಡುಪಿಯವನು, ಅಕೌಂಟ್ಸಿನಲ್ಲಿರುವವನು, ಹೋದ ಚಳಿಗಾಲ ಎರಡು ಮಕ್ಕಳೊಂದಿಗೆ ಕುಫ್ರಿಗೆ ಹೋಗಿಬಂದು ತುರ್ಭೆಯಲ್ಲೇ ಹಿಮದ ಮಟ್ಟಿಗೆ ದೊಡ್ಡ ಮನುಷ್ಯನಾಗಿದ್ದ. ಊಟದ ಡಬ್ಬಿಯ ಚೀಲದಲ್ಲಿ ಸದಾ ಒಂದು ಫೋಟೋ. ಕಪ್ಪು ಕನ್ನಡಕ, ಕಾಲಿಗೆ ಪಟ್ಟಿ, ಎರಡೂ ಕೈಯಲ್ಲಿ ಕೋಲು. "ಎಂತ ಹೆದರಿಕೆ ಮಾರಾಯ್ರೆ, ನಿಂತರೆ ಸಾಕು, ಅದು ಅದರಷ್ಟಕ್ಕೇ ಹೋಗ್ತದೆ" ಎಂದು ಧೈರ್ಯ ಹೇಳಿದ. ಅದು ಅದರಷ್ಟಕ್ಕೆ ಹೋಗುವುದೇ ಅಲ್ಲವೇ ತೊಂದರೆ, ಎಂದು ಸಿದ್ದಲಿಂಗಪ್ಪ ಕೇಳಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ ಮೇಲೆ, ಮಧ್ವರಾಜನ ಸೊಂಟದ ಹಿಂದೆ ಯಾರದೋ ಒಂದು ಕೈ, ಬರೇ ಕೈ, ಆತನ ಬೆಲ್ಟನ್ನು ಭದ್ರವಾಗಿ ಹಿಡಿದಿರುವುದು ಕಂಡಿತು. ಆ ಕೈಯ ವಿಷಯ ಮಧ್ವರಾಜನೂ ಎತ್ತಲಿಲ್ಲ, ಈತನೂ ಎತ್ತಲಿಲ್ಲ. ಆದರೆ ಅಂದು ರಾತ್ರಿ ನಿದ್ದೆಯಲ್ಲಿ ಅದೇ ಕೈ ಬಂದು ಬೆಲ್ಟು ಬಿಟ್ಟುಬಿಟ್ಟಿತು.

ಹೀಗಾಗಿಯೇ ತಾಲೀಮಿನ ಯೋಚನೆ ಹೊಳೆದದ್ದು. ಫಾರ್ಮು ಬರೆಯುವ ಮೊದಲು ಮಕ್ಕಳನ್ನು ಒಮ್ಮೆ ನಮ್ಮ ಛೇಂಬರಿನ ಥಂಡಿಯಲ್ಲಿ ನಿಲ್ಲಿಸಿ ನೋಡೋಣ, ತಡೆದುಕೊಂಡರೆ ಗುಲ್ಮಾರ್ಗ, ಇಲ್ಲದಿದ್ದರೆ ಶ್ರೀಶೈಲ ಎಂದು ಶುಕ್ರವಾರ ಹೇಳಿದ. ಕೇಳುವುದಕ್ಕೆ ಎಷ್ಟು ನ್ಯಾಯವಾಗಿತ್ತು. ಬಾಳ್ಯಾ ಸ್ನಾನದ ನೀರು ಒಂದು ಚೊಂಬು ತಣ್ಣಗಿದ್ದರೂ ಇಡೀ ಚಾಳು ಕೂಡಿಸುವಂತೆ ಕಿರುಚುವ ಕೂಸು. ಛೇಂಬರಿನ ಬಾಗಿಲು ತೆಗೆದ ಅರ್ಧ ನಿಮಿಷಕ್ಕೆ ಫೈಸಲ್ ಆಗುತ್ತದೆ ಎಂಬುದು ಆತನಿಗೆ ಖಾತ್ರಿ. ಹೆತ್ತ ಮಕ್ಕಳು ಅಳಲಿ ಎಂದು ಹರಕೆ ಹೊತ್ತ ತಂದೆ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎಂದು ಆತನಿಗೆ ಗಡ್ಡದ ಸೋಪು ತೊಳೆದುಕೊಳ್ಳುವಾಗ ಅನ್ನಿಸಿತು. ನಾಚಿಕೆಯೂ ಆಯಿತು. ನಾಚಿಕೆಪಡುತ್ತಲೇ ಸ್ವೆಟರುಗಳನ್ನು ಟ್ರಂಕಿನಿಂದ ತೆಗೆದ.

ಸ್ವರ್ಣಲತಾ ಅಷ್ಟು ನ್ಯಾಯವಂತಳು ಎಂದು ಆತನಿಗೆ ಗೊತ್ತಿರಲಿಲ್ಲ. ತಾಲೀಮು ಎಂದರೆ ತಾಲೀಮು ಎಂದು ಮಕ್ಕಳಿಗೆ ಮನೆಯಿಂದಲೇ ಎಲ್ಲ ತೊಡಿಸಿ ಹೊರಡಿಸಿದಳು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಠಾಣೆಯ ಸ್ಲೋ ಗಾಡಿಯಲ್ಲಿ, ಎಲ್ಲರೂ ಅಂಗಿಯ ಗುಂಡಿ ಬಿಚ್ಚಿಕೊಂಡು ಗಾಳಿ ಹಾಕಿಕೊಳ್ಳುತ್ತಿರುವ ಡಬ್ಬಿಯಲ್ಲಿ, ಕೆಂಪು ಮಂಕಿ ಕ್ಯಾಪಿನ ಎರಡು ಮಕ್ಕಳು ಬೆವರುತ್ತ ಕೂತವು. ಎದುರಿಗಿದ್ದ ಮುದುಕಿ ಕೂಸುಗಳಿಗೆ ಮಲೇರಿಯಾವೇ ಎಂದು ಮರಾಠಿಯಲ್ಲಿ ಕೇಳಿದಳು. ಸಿದ್ದಲಿಂಗಪ್ಪ ಕಿಟಕಿಯ ಹೊರಗೆ ನೋಡಿದ. ವಸಂತಿ, ಇಲ್ಲ, ನಾವು ಬರ್ಫ ನೋಡಲು ಹೋಗುತ್ತಿದ್ದೇವೆ ಎಂದು ಸ್ಪಷ್ಟ ಮರಾಠಿಯಲ್ಲಿ ಹೇಳಿದಳು. ಎಲ್ಲಿ ಎಂದು ಮುದುಕಿ ಕೇಳಿದರೆ, ತುರ್ಭೆ, ಎಂದಳು. ಡಬ್ಬಿಯವರೆಲ್ಲ ತಂದೆಯ ಮುಖ ನೋಡಿದರು. ಆತ ಮುಂಬ್ರಾದ ಗುಡ್ಡವನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತಿದ್ದ. ಠಾಣೆಯಿಂದ ಬೇಲಾಪುರ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರನೂ ಅದೇ ಪ್ರಶ್ನೆ ಕೇಳಿದ, ಅಷ್ಟರಲ್ಲಿ ಬಾಳ್ಯಾ ಸೆಕೆಗೆ ಅಳತೊಡಗಿದ್ದ. ಈಗಲೇ ಎಲ್ಲ ಅತ್ತು ಮುಗಿಸಿದರೆ ಅಲ್ಲಿ ಏನು ಗತಿ ಎಂದು ಸಿದ್ದಲಿಂಗಪ್ಪನಿಗೆ ಚಿಂತೆಯಾಗಿ ಕೂಸನ್ನು ತಾನೇ ಎತ್ತಿಕೊಂಡು ಸಮಾಧಾನ ಮಾಡಿದ. ಸ್ವರ್ಣಲತಾ ಆತನನ್ನು ಬಹಳ ಮೆಚ್ಚುಗೆಯಿಂದ ನೋಡಿದಳು. ಆ ನೋಟಕ್ಕೆ ಆತ ತಲೆ ತಗ್ಗಿಸಿದ.

ಗೇಟಿನಲ್ಲಿ ಹಮಾಲರ ಮುಕಾದಮ ಮುರುಗೆಪ್ಪ ಬೀಡಿ ಸೇದುತ್ತ ನಿಂತಿದ್ದ. ಆಳಂದದ ಕಡೆಯವನು, ಇಲ್ಲೇ ಹಿಂದಿನ ಝೋಪಡಿಯಲ್ಲಿ ಮನೆ. ಇವತ್ತು ತಿಂಗಳ ಮೊದಲ ಐತವಾರ, ನಾಲ್ಕನೇ ನಂಬರಿನ ಬರ್ಫ ಕೆರೆಯುವ ದಿನ, ಸಾಹೇಬರು ಮಕ್ಕಳುಮರಿ ಕಟ್ಟಿಕೊಂಡು ಬಂದದ್ದು ಎಂದೂ ಇಲ್ಲ ಎಂದು ಆತನಿಗೆ ಸೋಜಿಗ. ಥಂಡಿ ತೋರಿಸಲು ಕರೆತಂದೆ ಎಂದು ಸಿದ್ದಲಿಂಗಪ್ಪ ಗಂಭೀರವಾಗಿ ಹೇಳಿ, ಮೊದಲು ಎರಡನೇ ನಂಬರ್ ತೆಗೆಸಿದ. ಬಟಾಟೆ ಚೀಲ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಸೇಬಿನ ಪೆಟ್ಟಿಗೆ. ಸೇಬಿನ ಪೆಟ್ಟಿಗೆಗಳ ಮೇಲೆ ಕಾಶ್ಮೀರದ ಊರುಗಳ ಹೆಸರು ಕಪ್ಪು ಮಸಿಯಲ್ಲಿ. ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡು ಥಂಡಿ ಮೈಗೆ ಹತ್ತಿತು. ಸಿದ್ದಲಿಂಗಪ್ಪ ಗಡಿಯಾರ ನೋಡತೊಡಗಿದ. ವಸಂತಿ ಬಾಯಿಯಿಂದ ಹೊಗೆ ಬಂದದ್ದು ಕಂಡು ಎರಡು ಬೆರಳು ತುಟಿಗಿಟ್ಟು ಮುರುಗೆಪ್ಪನ ಹಾಗೆ ಬೀಡಿ ಸೇದಿದಳು. ಸ್ವರ್ಣಲತಾ ಕೂಡ ಮಗಳನ್ನು ನೋಡಿ, ಸೆರಗಿನ ಮರೆಯಲ್ಲಿ, ಒಂದು ದಮ್ಮು ಎಳೆದಳು. ಮತ್ತು ಬಾಳ್ಯಾ, ಹುಟ್ಟಿದಾಗಿನಿಂದ ಡೊಂಬಿವಲಿಯ ಸೆಕೆಯಲ್ಲಿ ಒಂದು ಮಧ್ಯಾಹ್ನವೂ ನೆಟ್ಟಗೆ ಮಲಗದ ಬಾಳ್ಯಾ, ಅಪ್ಪನ ಹೆಗಲ ಮೇಲೆ ತಲೆ ಚೆಲ್ಲಿ, ಒಂದು ನಿಟ್ಟುಸಿರು ಬಿಟ್ಟು, ನಿದ್ದೆ ಹೋದ. ಗೊರಕೆ ಕೂಡ ಕೇಳಿಸಿತು. ಐದು ನಿಮಿಷವಾಯಿತು, ಏಳು ನಿಮಿಷವಾಯಿತು. ಕೊನೆಗೆ ಆ ತಾಲೀಮಿನಲ್ಲಿ ತಡೆದುಕೊಳ್ಳಲಾರದವನು ಸಿದ್ದಲಿಂಗಪ್ಪನೊಬ್ಬನೇ. ಕೂಸಿಗೆಂದು ತನ್ನ ಮಫ್ಲರು ಬಿಚ್ಚಿಕೊಟ್ಟಿದ್ದವನು ಒಂದರ ಹಿಂದೊಂದು ಎಂಟು ಸೀನು ಸೀನಿದ. ಪಪ್ಪಾಗೆ ಥಂಡಿಯಾಯಿತು ಎಂದು ವಸಂತಿ ಎಲ್ಲ ಬಟಾಟೆಗಳಿಗೂ ಕೇಳುವಂತೆ ಘೋಷಿಸಿದಳು.

ಇನ್ನು ನಾಲ್ಕನೇ ನಂಬರ್ ತೋರಿಸುವುದೊಂದೇ ದಾರಿ, ಹದಿನೆಂಟು ಡಿಗ್ರಿಗೆ ಯಾವ ಕೂಸೂ ಗೊರಕೆ ಹೊಡೆಯಲಾರದು ಎಂದುಕೊಂಡು ಮೂಗು ಒರೆಸುತ್ತ ಆತ ಎಲ್ಲರನ್ನೂ ಹಿಂಭಾಗಕ್ಕೆ ನಡೆಸಿದ. ಅದು ಮಾಲು ಇಳಿಸುವ ಕಡೆ. ಲಾರಿಯ ಎತ್ತರಕ್ಕೆ ಕಟ್ಟಿದ ಕಟ್ಟೆಯಿಂದ ಅಂಗಳಕ್ಕೆ ಇಳಿಯುವ ಸಿಮೆಂಟಿನ ಇಳಿಜಾರು. ಬಾಗಿಲು ತೆರೆದೇ ಇತ್ತು. ಒಳಗೆ ಹಮಾಲರು ಪೈಪುಗಳ ಮೇಲೆ ತಿಂಗಳಿಡೀ ಕಟ್ಟಿದ್ದನ್ನು ಮರದ ಕೊಡತಿಯಿಂದ ಬಡಿದು ಕೆಡವುತ್ತಿದ್ದರು, ಗೋರಿ ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದ್ದು ಇಳಿಜಾರಿನ ತುಂಬ ಮೊಣಕಾಲೆತ್ತರ ಬಿದ್ದು, ನವೆಂಬರದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಬೆಳ್ಳಗೆ, ಹಗುರ, ಉಪ್ಪಿನಷ್ಟು ಸಣ್ಣ. ಸಿದ್ದಲಿಂಗಪ್ಪ ಅದನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋಗಿಯಾಗಿತ್ತು. ಹಿಂದೆ ಯಾರೂ ಬರುತ್ತಿಲ್ಲ ಎಂದು ತಿರುಗಿದ.

"ಇದೇನ್ರಿ?" ಎಂದಳು ಸ್ವರ್ಣಲತಾ.

"ಅದಾ? ಅದು ಕಸ," ಎಂದ ಆತ. "ಪೈಪಿನ ಮ್ಯಾಲಿಂದು. ತಿಂಗಳಿಗೊಮ್ಮೆ ತೆಗೀತೀವಿ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಆತ ಅದನ್ನು ಕೇಳಿಸಿಕೊಂಡ. ಏಳು ವರ್ಷ ರಿಜಿಸ್ಟರಿನಲ್ಲಿ ಬರ್ಫ ತೆಗೆಯಲಾಗಿದೆ ಎಂದು ಬರೆದು ಸಹಿ ಮಾಡಿದ್ದ. ಮೊದಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಸಹಿ ಮಾಡಿ ಮುಂದಿನ ಗೇಟಿನಿಂದ ಬಸ್ಸಿಗೆ ಓಡಿದ್ದ. ಅತ್ತ ಮನೆಯ ಗೋಡೆಯ ಮೇಲೆ ಫೆಬ್ರವರಿ ನಿಂತುಹೋಗಿತ್ತು, ಒಂದು ಬಿಳಿ ಗುಡ್ಡವನ್ನು ನೋಡುತ್ತ ಒಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಸ್ವರ್ಣಲತಾ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋಗುವವಳ ಹಾಗೆ, ಬರಿಗಾಲು ಅದರ ಮೇಲಿಟ್ಟಳು. ಕಾಲು ಹಿಂದಕ್ಕೆ ತೆಗೆದಳು, ಮತ್ತೆ ಇಟ್ಟಳು. "ಏಳು ವರ್ಷ," ಎಂದಳು, "ಇದನ್ನ ಗಟಾರಕ್ಕ ಚೆಲ್ಲಿದ್ರೇನ್ರಿ?" ಉತ್ತರ ಮುರುಗೆಪ್ಪ ಕೊಟ್ಟ. ಗಟಾರಕ್ಕೆ ಹೋಗಲು ಎಲ್ಲಿ ಬಿಡುತ್ತೇವೆ ಅಕ್ಕಾರ, ಮೊದಲ ಐತವಾರ ಅಂದರೆ ನಮ್ಮ ಹುಡುಗಿಯರಿಗೆ ಜಾತ್ರೆ ಎಂದು ಅಂಗಳದ ಕಡೆ ಕೈ ಮಾಡಿದ. ಆತನ ಮೂವರು ಹೆಣ್ಣುಮಕ್ಕಳು ಗೋಣಿಚೀಲ ಹಿಡಿದು ಸರದಿ ನಿಂತಿದ್ದರು. ದೊಡ್ಡವಳು ಚೀಲದ ಮೇಲೆ ಕೂತು ಮೇಲಿನಿಂದ ಕೆಳಗಿನವರೆಗೆ ಜರ್ರನೆ ಜಾರಿ, ಎದ್ದು, ಪರಕರ ಕೊಡವಿ, ಮತ್ತೆ ಹತ್ತಿದಳು. ಏಳು ವರ್ಷದಿಂದ ತುರ್ಭೆಯ ಮಕ್ಕಳು ಹಿಮಪ್ರವಾಸ ಮಾಡುತ್ತಿವೆ, ಸುಪರ್ವೈಜರ್ ಸಾಹೇಬರ ಮಕ್ಕಳನ್ನು ಬಿಟ್ಟು. ಸಿದ್ದಲಿಂಗಪ್ಪನಿಗೆ ಆ ಗಳಿಗೆಯಲ್ಲಿ ಅಳು ಬಂದಿತ್ತು ಎಂದರೂ ಸುಳ್ಳಲ್ಲ, ಆದರೆ ಸೀನು ಬಂದು ಅದನ್ನು ಮುಚ್ಚಿಹಾಕಿತು.

ಅಷ್ಟರಲ್ಲಿ ವಸಂತಿ ಆತನ ಪ್ಯಾಂಟು ಜಗ್ಗತೊಡಗಿದ್ದಳು. ಗೋಣಿಚೀಲ ಬೇಡ, ಕ್ಯಾಲೆಂಡರಿನ ಹಾಗೆ ಬೇಕು, ಪಪ್ಪಾ ನಿಲ್ಲಬೇಕು, ತಾನು ನಡುವೆ ನಿಲ್ಲಬೇಕು. ಇದನ್ನು ಹಿಂದಿಯಲ್ಲಿ ಹೇಳಿದಳು, ಮುರುಗೆಪ್ಪನ ಮಕ್ಕಳಿಗೂ ತಿಳಿಯಲೆಂದು. ನಾಳೆ ನೋಡೋಣ, ಪಟ್ಟಿ ಇಲ್ಲ, ಹೊತ್ತಾಯಿತು ಎಂದು ಆತ ಅಂದುಕೊಳ್ಳುವಷ್ಟರಲ್ಲಿ ಮುರುಗೆಪ್ಪ ಸೇಬಿನ ಪೆಟ್ಟಿಗೆಯ ಎರಡು ಹಲಗೆ ಕಿತ್ತು, ಸುತಳಿಯಿಂದ ಸಾಹೇಬರ ಬೂಟಿಗೆ ಬಿಗಿದುಬಿಟ್ಟ. ಆತ ಹೆಂಡತಿಯನ್ನು ನೋಡಿದ. ಅವಳು ನಿದ್ದೆಹೋದ ಬಾಳ್ಯಾನನ್ನು ಎತ್ತಿಕೊಂಡು ಹಿಮದಲ್ಲಿ ಕಾಲು ಬದಲಿಸುತ್ತ ನಿಂತಿದ್ದಳು. ಮೇಲಿನಿಂದ ಇಳಿಜಾರು ಬಹಳ ಉದ್ದ ಕಂಡಿತು. ಬಟಾಟೆ ಚೀಲಗಳು ದಿನಕ್ಕೆ ಐನೂರು ಸಲ ಇಳಿಯುವ ಜಾಗ, ಇಪ್ಪತ್ತು ಹೆಜ್ಜೆಯೂ ಇಲ್ಲ ಎಂದು ಆತನಿಗೆ ಗೊತ್ತಿತ್ತು. ಮಗಳ ಬೆನ್ನು ಮೊಣಕಾಲುಗಳ ನಡುವೆ ಬೆಚ್ಚಗೆ ತಾಗಿತು. ನಿಂತರೆ ಸಾಕು ಎಂದಿದ್ದ ಮಧ್ವರಾಜ. ನಿಂತ. ಹಿಂದಿನಿಂದ ಯಾರೂ ಬೆಲ್ಟು ಹಿಡಿದಿರಲಿಲ್ಲ. ಅದು ಅದರಷ್ಟಕ್ಕೇ ಹೋಯಿತು. ಮೂರು ಮಾರು ಆತ ನಿಜವಾಗಿ ಜಾರಿದ, ನೆಟ್ಟಗೆ, ಕ್ಯಾಲೆಂಡರಿನವನ ಹಾಗೆ, ಹಲ್ಲು ಕೂಡ ಕಾಣುತ್ತಿದ್ದವೇನೋ. ನಾಲ್ಕನೇ ಮಾರಿಗೆ ಬಲಗಾಲಿನ ಸೇಬಿನ ಹಲಗೆ ಬೇಲಾಪುರದ ಕಡೆ ಹೊರಟಿತು, ಎಡಗಾಲಿನದು ಠಾಣೆಯ ಕಡೆ. ಉಳಿದದ್ದನ್ನು ಆತ ಕುಂಡೆಯ ಮೇಲೆಯೇ ಮುಗಿಸಿದ, ಮಗಳು ಹೊಟ್ಟೆಯ ಮೇಲೆ ಕೂತು ಸವಾರಿ ಮಾಡಿದಳು.

ಒಳಗಿನ ಕೊಡತಿಗಳು ನಿಂತವು. ಮುರುಗೆಪ್ಪ ಮರ್ಯಾದಸ್ಥ, ಆಕಾಶ ನೋಡಿದ. ಹಮಾಲರು ತಮ್ಮ ತಮ್ಮ ಕೈ ನೋಡಿಕೊಂಡರು. ಸುಪರ್ವೈಜರು ಬಿದ್ದದ್ದನ್ನು ನೋಡಿಲ್ಲ ಎಂದು ಇಡೀ ತುರ್ಭೆ ನಿಶ್ಚಯಿಸಿದಂತಿತ್ತು. ಸಿದ್ದಲಿಂಗಪ್ಪ ಮಲಗಿದಲ್ಲಿಂದಲೇ ಎದುರಿನ ಗೋಡೆ ನೋಡಿದ. ಅಲ್ಲಿ ಓದುವುದಕ್ಕೆ ಯಾವ ಹಲಗೆಯೂ ಇರಲಿಲ್ಲ, ಧೂಮ್ರಪಾನ ನಿಷೇಧ ಎಂಬ ಒಂದು ಸಾಲು ಬಿಟ್ಟರೆ. ಅವಳು ಅದನ್ನೇ ಓದುತ್ತಿರಬೇಕು ಎಂದು ಕಣ್ಣು ಮುಚ್ಚಿದ. ಆಗ ಮೊದಲು ಒಂದು ಗೊರ್ರ್ ಎಂಬ ಸದ್ದು ಕೇಳಿತು, ಆಮೇಲೆ ನಗು. ಹೆಂಗಸೊಬ್ಬಳು ಅಷ್ಟು ದೊಡ್ಡದಾಗಿ ನಗುವುದನ್ನು ಆತ ಗಜೇಂದ್ರಗಡದಲ್ಲೂ ಕೇಳಿರಲಿಲ್ಲ. ಸ್ವರ್ಣಲತಾ ಹಿಮದ ರಾಶಿಯ ಮೇಲೆ ಕೂತುಬಿಟ್ಟಿದ್ದಳು, ಸೆರಗು ಎತ್ತಲೋ, ಮಡಿಲಲ್ಲಿ ಬಾಳ್ಯಾ ಎಚ್ಚರವಾಗಿ ತಾಯಿಯ ಮುಖವನ್ನೇ ನೋಡುತ್ತಿದ್ದ. ನಿಲ್ಲಿಸುತ್ತಾಳೆ, ಆತನ ಮುಖ ನೋಡುತ್ತಾಳೆ, ಮತ್ತೆ ಶುರು. ಅವಳನ್ನು ನೋಡಿ ಮುರುಗೆಪ್ಪನ ಮಕ್ಕಳು ನಕ್ಕವು, ಮುರುಗೆಪ್ಪ ನಕ್ಕ, ಛೇಂಬರಿನೊಳಗಿನ ಕತ್ತಲೆಯೂ ನಕ್ಕಿತು.

ಆತ ತೆವಳಿಕೊಂಡೇ ಅವಳ ಹತ್ತಿರ ಹೋಗಿ ಕೂತ. ಕುಂಡೆ ಒದ್ದೆಯಾಗಿ ಉರಿಯುತ್ತಿತ್ತು. ಅವಳು ಕಣ್ಣೊರೆಸಿಕೊಂಡು, ಉಸಿರು ಹಿಡಿದು, "ಅವತ್ತ ಸ್ಟೇಷನ್ನಿನ್ಯಾಗ ನಗು ತಡಕೊಂಡಿದ್ದೆನ್ರಿ," ಎಂದಳು. "ಹೊಸಾ ಮದಿವಿ. ನಕ್ರ ಏನ್ ತಿಳಕೋತೀರೋ ಅಂತ ಆ ಬೋರ್ಡ ನೋಡಕೋತ ನಿಂತೆ. ಹೊಟ್ಟಿ ಹಿಡಕೊಂಡು ನಿಂತಿದ್ದೆ. ಆರು ವರ್ಷ ಒಳಗ ಉಳಿದಿತ್ತು ನೋಡ್ರಿ." ಹೇಳಿ ಮತ್ತೆ ನಕ್ಕಳು. ಸಿದ್ದಲಿಂಗಪ್ಪ ಏಳು ಮೆಟ್ಟಿಲುಗಳನ್ನೂ ಇನ್ನೊಮ್ಮೆ ಇಳಿದ, ಈ ಸಲ ಆ ನಗು ಕೇಳಿಸಿಕೊಳ್ಳುತ್ತ. ರೊಟ್ಟಿಗಳು ಉರುಳಿದ್ದು ನೆನೆದರೆ ನಗು ಬರುವಂಥದ್ದೇ.

ಬಿಸಿಲಿಗೆ ರಾಶಿ ಅಂಚಿನಿಂದ ಕರಗತೊಡಗಿತ್ತು. ವಸಂತಿ ಆಗಲೇ ಅಪ್ಪನನ್ನು ಬಿಟ್ಟು ಗೋಣಿಚೀಲದ ಸರದಿಗೆ ಹೋಗಿ ನಿಂತಿದ್ದಳು. ಸ್ವರ್ಣಲತಾ ಒಂದು ಹಿಡಿ ಹಿಮ ತೆಗೆದು ಬಾಳ್ಯಾನ ಅಂಗೈಯಲ್ಲಿಟ್ಟಳು. ಗುಲ್ಮಾರ್ಗದಾಗ ಇದಕ್ಕಿಂತ ದೊಡ್ಡದಿರ್ತೈತೇನ್ರಿ, ಎಂದು ಕೇಳಿದಳು. ಇಷ್ಟೇ ಇರುತ್ತದೆ, ಇದನ್ನೇ ನೋಡಿದೆಯಲ್ಲ, ಶ್ರೀಶೈಲ ಬರೆಯುತ್ತೇನೆ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಥಂಡಿಯ ವಿಷಯದಲ್ಲಿ ಆತ ಹೇಳಿದ್ದನ್ನು ಅವಳು ಇಂದಿನವರೆಗೂ ನಂಬಿಕೊಂಡು ಬಂದಿದ್ದಳು.

"ನನಗೇನ್ ಗೊತ್ತ," ಎಂದ ಸಿದ್ದಲಿಂಗಪ್ಪ. "ನಾನೂ ನೋಡಿಲ್ಲ." ಬೂಟಿಗೆ ಬಿಗಿದ ಹಲಗೆಯ ಸುತಳಿ ಬಿಚ್ಚುತ್ತ, "ಅಲ್ಲಿ ನಾ ಬೀಳಾವನ ನೋಡು," ಎಂದ.

"ಬೀಳ್ರಿ," ಎಂದಳು ಅವಳು. "ಮತ್ಯಾಕ ಹೊಂಟೇವಿ?"

ಜೇಬಿನಲ್ಲಿದ್ದ ಫಾರ್ಮು ನೆನೆದು ನಾಲ್ಕೂ ಮಡಿಕೆ ಅಂಟಿಕೊಂಡಿತ್ತು. ಹರಿಯದ ಹಾಗೆ ಮೆಲ್ಲಗೆ ಬಿಡಿಸಿ, ಸೇಬಿನ ಹಲಗೆಯ ಮೇಲೆ ಹರವಿ, ಮುರುಗೆಪ್ಪನ ಹತ್ತಿರ ಪೆನ್ನು ಕೇಳಿದ.